ಕೇಳುಗರ ಪ್ರಶ್ನೆ: ಒಬ್ಬ ಬಿಟ್ಟುಹೋದ ಮೇಲಿನ ಆಲ್ಬಂ

ಪ್ರಶ್ನೆ: ನಾನೂ ನನ್ನ ತಂಗಿಯೂ ಹೈಸ್ಕೂಲಿನ ದಿನಗಳಿಂದ ಐವರು ಗಾಯಕರ ‘ಒನ್ ಡೈರೆಕ್ಷನ್’ ಪಾಪ್ ತಂಡದ ಹಾಡುಗಳನ್ನು ಕೇಳುತ್ತ ಬೆಳೆದವರು. ಝೇನ್ ಮಲಿಕ್ ಹೊರನಡೆದ ಮೇಲೆ ಬಂದ ‘ಮೇಡ್ ಇನ್ ದಿ ಎ.ಎಂ.’ ಆಲ್ಬಮ್ಮಿನ ವಿಚಾರದಲ್ಲಿ ಮಾತ್ರ ನಮ್ಮ ಜಗಳ ಇವತ್ತಿಗೂ ಮುಗಿದಿಲ್ಲ. ಅವರ ಆಲ್ಬಮ್ಮುಗಳಲ್ಲೆಲ್ಲ ಅದೇ ಮೇಲು ಎನ್ನುತ್ತಾಳೆ ಅವಳು; ನನಗೆ ಅದು ಒಗ್ಗರಣೆ ಬೀಳದ ಸಾರು. ಅಮೆರಿಕದಲ್ಲಿ ಅದು ಮೊದಲ ಸ್ಥಾನಕ್ಕೆ ಏರದೇ ಹೋದದ್ದೂ ಇದಕ್ಕೇ ಅಲ್ಲವೇ? ಯಾರು ಸರಿ, ನೀವೇ ಹೇಳಿ.
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ಸ್ಥಾನದ ಮಾತನ್ನು ಮುಗಿಸಿಬಿಡೋಣ. ಝೇನ್ ತಂಡ ಬಿಟ್ಟದ್ದು 2015ರ ಮಾರ್ಚ್ 25ರಂದು. ಆಲ್ಬಂ ಬಂದದ್ದು ಅದೇ ವರ್ಷದ ನವೆಂಬರ್ 13ರಂದು. ಅದೇ ದಿನ ಜಸ್ಟಿನ್ ಬೀಬರ್ ಅವರ ‘ಪರ್ಪಸ್’ ಕೂಡ ಬಿಡುಗಡೆಯಾಗಿ ಅಮೆರಿಕದ ಪಟ್ಟಿಯಲ್ಲಿ ಮೇಲೆ ಕುಳಿತದ್ದರಿಂದ, ಹಿಂದಿನ ನಾಲ್ಕೂ ಆಲ್ಬಮ್ಮುಗಳಲ್ಲಿ ನೇರವಾಗಿ ಮೊದಲ ಸ್ಥಾನಕ್ಕೆ ಬಂದಿದ್ದ ಈ ತಂಡ ಎರಡನೆಯದಕ್ಕೆ ನಿಲ್ಲಬೇಕಾಯಿತು. ಬ್ರಿಟನ್ನಿನಲ್ಲಿ ಅದು ಮೊದಲನೆಯದೇ ಆಗಿತ್ತು. ಆದ್ದರಿಂದ ಈ ಲೆಕ್ಕವನ್ನು ಝೇನ್ ಹೆಸರಿಗೆ ಬರೆಯುವುದು ನ್ಯಾಯವಲ್ಲ.

ಇನ್ನು ನಿಮ್ಮ ಒಗ್ಗರಣೆಯ ಮಾತು. ತಾರಸ್ಥಾಯಿಗೆ ಏರಿ, ಅಲ್ಲಿಯೇ ಸ್ವಲ್ಪ ಬಳುಕಿ ಇಳಿಯುವ ಕೆಲಸವನ್ನು ಹೆಚ್ಚಾಗಿ ಝೇನ್ ಮಾಡುತ್ತಿದ್ದರು. ಅದು ಈ ಆಲ್ಬಮ್ಮಿನಲ್ಲಿ ಇಲ್ಲವೆನ್ನುವುದು ನಿಜ. ಆದರೆ ಉಳಿದ ನಾಲ್ವರು ಆ ಜಾಗದಲ್ಲಿ ಇನ್ನೊಬ್ಬ ಝೇನನ್ನು ತಂದು ಕೂರಿಸಲಿಲ್ಲ. ಹಳೆಯ ಕಾಲದ ರಾಕ್ ಸಂಗೀತದ ಕಡೆಗೆ, ಗಿಟಾರು, ಪಿಯಾನೊ ಮತ್ತು ಒಟ್ಟು ದನಿಗಳ ಕಡೆಗೆ ಅವರು ಸರಿದರು. ಹೆಡ್‌ಫೋನ್ ಹಾಕಿಕೊಂಡು ನಾಲ್ಕು ದನಿಗಳೂ ಕೂಡುವ ಜಾಗಗಳನ್ನಷ್ಟೇ ಒಮ್ಮೆ ಕೇಳಿ ನೋಡಿ: ಐವರಿದ್ದಾಗ ಗುಂಪಿನಲ್ಲಿ ಮುಚ್ಚಿಹೋಗುತ್ತಿದ್ದ ಲೂಯಿ ಟಾಮ್ಲಿನ್‌ಸನ್ ದನಿಯ ತೆಳುವಾದ ಒರಟು ಅಲ್ಲಿ ಎದ್ದು ಕೇಳಿಸುತ್ತದೆ. ನನ್ನ ಮಟ್ಟಿಗೆ ಇದು ಲಾಭ.

ಯಕ್ಷಗಾನದ ಭಾಗವತ, ಅಂದರೆ ಹಾಡುಗಾರರಾಗಿದ್ದ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಹೊಸನಗರದ ಕಡೆ ಒಂದು ಆಟಕ್ಕೆ ಹೋಗಿದ್ದೆ. ನನ್ನ ಹಿಂದೆ ಕಂಬಳಿ ಹೊದ್ದು ಕುಳಿತಿದ್ದ ಹಿರಿಯರೊಬ್ಬರು ಭಾಗವತರು ಪದ್ಯ ಎತ್ತಿದಾಗಲೆಲ್ಲ ‘ನಾವಡರಾಗಿದ್ದರೆ ಇಲ್ಲಿ ಹೀಗೆ ಎಳೆಯುತ್ತಿದ್ದರು’ ಎಂದು ತಾವೇ ಸಣ್ಣಗೆ ಹಾಡಿಕೊಳ್ಳುತ್ತಿದ್ದರು. ಬೆಳಗಿನವರೆಗೂ ಅವರು ಕೇಳಿದ್ದು ನಾವಡರನ್ನು. ರಂಗದ ಮೇಲಿದ್ದ ಭಾಗವತರನ್ನಲ್ಲ. ಸಾವಿಗೂ ತಂಡ ಬಿಡುವುದಕ್ಕೂ ಹೋಲಿಕೆ ಸಲ್ಲದು, ಒಪ್ಪಿದೆ. ಆದರೆ ಕಿವಿಯ ಹಟ ಎರಡು ಕಡೆಯೂ ಒಂದೇ. ನಿಮ್ಮ ತಂಗಿ ಆಲ್ಬಮ್ಮನ್ನು ಕೇಳಿದ್ದಾರೆ, ನೀವು ಇನ್ನೂ ಝೇನರನ್ನೇ ಹುಡುಕುತ್ತಿದ್ದೀರಿ ಎಂದು ನನ್ನ ಅನುಮಾನ.

ಪ್ರಶ್ನೆ: ಮುಖ್ಯ ಗಾಯಕನೇ ಹೋದ ಮೇಲೆ ತಂಡವೊಂದು ಹಳೆಯ ಕೇಳುಗರನ್ನು ಉಳಿಸಿಕೊಂಡದ್ದುಂಟೇ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಉಂಟು ಮೇಷ್ಟ್ರೇ. ಬ್ರಿಟನ್ನಿನ ‘ಜೆನೆಸಿಸ್’ ತಂಡವನ್ನು ಪೀಟರ್ ಗೇಬ್ರಿಯಲ್ 1975ರಲ್ಲಿ ಬಿಟ್ಟಾಗ ಕಥೆ ಮುಗಿಯಿತೆಂದೇ ಬಹಳ ಜನ ಅಂದುಕೊಂಡಿದ್ದರು. ತಂಡದವರು ಹೊಸಬರನ್ನು ಹಲವು ದಿನ ಹಾಡಿಸಿ ನೋಡಿದರು, ಯಾರೂ ಒಗ್ಗಲಿಲ್ಲ. ಕೊನೆಗೆ ಡ್ರಮ್ ಬಾರಿಸುತ್ತ ಹಿಂದಿನಿಂದ ದನಿ ಸೇರಿಸುತ್ತಿದ್ದ ಫಿಲ್ ಕಾಲಿನ್ಸ್ ಅವರೇ ಮುಂದೆ ಬಂದರು. 1976ರಲ್ಲಿ ಬಂದ ‘ಎ ಟ್ರಿಕ್ ಆಫ್ ದಿ ಟೇಲ್’ ಆಲ್ಬಮ್ಮನ್ನು ಕೇಳುಗರು ಒಪ್ಪಿಕೊಂಡರು. ಆ ದನಿ ಹಳೆಯ ಹಾಡುಗಳ ಹಿನ್ನೆಲೆಯಲ್ಲಿ ಮೊದಲೇ ಇದ್ದುದರಿಂದ ಕಿವಿಗೆ ಹೊಸಬರು ಬಂದಂತೆ ಅನಿಸಿರಲಾರದು. ‘ಪಿಂಕ್ ಫ್ಲಾಯ್ಡ್’ನಲ್ಲಿ ಮಾತ್ರ ಹೀಗಾಗಲಿಲ್ಲ, ರೋಜರ್ ವಾಟರ್ಸ್ ಹೊರಬಂದು ತಂಡದ ಹೆಸರಿಗಾಗಿಯೇ ಕಾನೂನಿನ ಮೊರೆಹೋದರು. ಅವರಿಲ್ಲದ 1987ರ ಆಲ್ಬಂ ಲಕ್ಷಗಟ್ಟಲೆ ಮಾರಾಟವಾದರೂ ಅದನ್ನು ಪಿಂಕ್ ಫ್ಲಾಯ್ಡ್ ಎನ್ನಬಹುದೇ ಎಂದು ಅಭಿಮಾನಿಗಳು ಇಂದಿಗೂ ಕಾದಾಡುತ್ತಾರೆ.

ಪ್ರಶ್ನೆ: ಗಣಪತಿ ಹಬ್ಬಕ್ಕೆ ಹಾಡುವ ನಮ್ಮ ಆರ್ಕೆಸ್ಟ್ರಾದ ಗಾಯಕ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಅವನು ಹಾಡುತ್ತಿದ್ದ ಹಾಡುಗಳನ್ನು ಕೈಬಿಡಬೇಕೇ?
— ಕೀಬೋರ್ಡ್ ನುಡಿಸುವವರು, ಶಿವಮೊಗ್ಗ

ಉತ್ತರ: ಹಾಡನ್ನು ಬಿಡಬೇಡಿ, ಶ್ರುತಿಯನ್ನು ಬಿಡಿ. ಅವರು ಹಾಡುತ್ತಿದ್ದ ಶ್ರುತಿಯಲ್ಲಿಯೇ ಹೊಸಬರನ್ನು ಎಳೆದಾಡಿಸಿದರೆ ಜನ ಹೋಲಿಸದೆ ಬಿಡುವುದಿಲ್ಲ. ನಿಮ್ಮ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇರುವುದು ಇಂಥ ಹೊತ್ತಿಗೇ. ಎರಡು ಅರ್ಧಸ್ವರ ಇಳಿಸಿ ಒಮ್ಮೆ ಪೂರ್ತಿ ಹಾಡಿಸಿ ನೋಡಿ. ಅವರ ಹೆಸರನ್ನೇ ಕೂಗಿ ಶಿಳ್ಳೆ ಹಾಕಿಸಿಕೊಳ್ಳುತ್ತಿದ್ದ ಒಂದೆರಡು ಹಾಡುಗಳನ್ನು ಮಾತ್ರ ಈ ವರ್ಷ ಪಟ್ಟಿಯಿಂದ ತೆಗೆಯಿರಿ. ಹಬ್ಬಕ್ಕೆ ಅವರು ಊರಿಗೆ ಬಂದರೆ ಕರೆದು ಹಾಡಿಸಿ.