ಬಸ್ಸು, ಕಾರು, ಪೆನ್ನು: ಕೊನೆಯಲ್ಲಿ ಈ ‘ಉ’ ಯಾಕೆ?

ಇಂಗ್ಲಿಷ್ ಪದ ಬಂದರೆ ಸಾಕು, ಕನ್ನಡಿಗರು ಅದರ ಬಾಲಕ್ಕೆ ಒಂದು ‘ಉ’ ಅಂಟಿಸುತ್ತಾರೆ, ಆಫೀಸಿನಲ್ಲಿ ಇದಕ್ಕೆ ನಗುತ್ತಾರೆ, ಇದು ತಪ್ಪು ಉಚ್ಚಾರಣೆಯಾ ಅಂತ ಕೇಳಿದ್ದೀರಿ. ನನ್ನನ್ನೂ ನಕ್ಕಿದ್ದಾರೆ. ಕಾಲೇಜಿಗೆ ಸೇರಿದ ಹೊಸತರಲ್ಲಿ ‘ಬಸ್ಸು ಮಿಸ್ಸಾಯ್ತು’ ಅಂದೆ ಅಂತ ಒಬ್ಬ ವಾರವಿಡೀ ನನ್ನನ್ನು ‘ಬಸ್ಸು’ ಅಂತಲೇ ಕರೆದ. ಆಗ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತು.

‘ಕಣ್ಣು’ ಅನ್ನೋ ಪದ ತಗೊಳ್ಳಿ. ಹಳಗನ್ನಡದಲ್ಲಿ ಅದು ಬರೀ ಕಣ್. ಕಲ್ಲು ಅಂದರೆ ಕಲ್, ಹಲ್ಲು ಅಂದರೆ ಪಲ್, ಕಾಲು ಅಂದರೆ ಕಾಲ್, ಊರು ಅಂದರೆ ಊರ್. ಪದ ವ್ಯಂಜನಕ್ಕೇ ನಿಲ್ಲುತ್ತಿತ್ತು. ಮುಂದೆ ಕನ್ನಡದ ನಾಲಿಗೆಗೆ ಹಾಗೆ ನಿಲ್ಲಿಸುವುದು ಬೇಡವಾಯಿತು, ಕೊನೆಗೆ ಒಂದು ‘ಉ’ ಸೇರಿಕೊಂಡಿತು. ‘ಯ್’ ಇದ್ದ ಕಡೆ ಮಾತ್ರ ‘ಇ’: ನಾಯ್ ನಾಯಿಯಾಯಿತು, ತಾಯ್ ತಾಯಿಯಾಯಿತು. ಹಳೆಯ ರೂಪ ಪೂರ್ತಿ ಹೋಗಿಲ್ಲ. ಕಣ್ಮರೆ, ಕಾಲ್ನಡಿಗೆ, ಹೆಣ್ಮಕ್ಕಳು, ತಾಯ್ನುಡಿ ಅನ್ನುವಾಗ ದಿನಾ ಅದನ್ನೇ ಆಡುತ್ತೇವೆ.

ಈಗ ಇನ್ನೊಮ್ಮೆ ನೋಡಿ. ಕಲ್ಲು, ಕಣ್ಣು, ಹಲ್ಲು: ಹ್ರಸ್ವ ಸ್ವರದ ಸಣ್ಣ ಪದ, ಕೊನೆಯ ಅಕ್ಷರ ಒತ್ತಾಯಿತು. ಕಾಲು, ಊರು, ನೀರು: ದೀರ್ಘ ಸ್ವರ, ಒತ್ತಿಲ್ಲ. ಬಸ್ಸು, ಪೆನ್ನು, ಬುಕ್ಕು, ಸಿಮ್ಮು ಒಂದು ಕಡೆ. ಕಾರು, ರೋಡು, ಕೋಟು, ರೂಮು ಇನ್ನೊಂದು ಕಡೆ. ಅದೇ ಲೆಕ್ಕ ಅಲ್ವಾ? ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಬ್ಯಾಗು, ಫ್ಯಾನು, ಗ್ಯಾಸು. ಯಾರೂ ‘ಬ್ಯಾಗ್ಗು’ ಅನ್ನಲ್ಲ. ಯಾಕಂದರೆ ನಮ್ಮ ಕಿವಿಗೆ ‘ಬ್ಯಾ’ ದೀರ್ಘ. ಇದನ್ನು ಯಾರೂ ಕೂರಿಸಿ ಹೇಳಿಕೊಟ್ಟಿಲ್ಲ, ಶಾಲೆ ಮೆಟ್ಟಿಲು ಹತ್ತದವರೂ ತಪ್ಪು ಮಾಡುವುದಿಲ್ಲ. ಪದ ಉದ್ದವಾದಾಗ ಮಾತ್ರ ಸ್ವಲ್ಪ ಆಚೀಚೆ ಆಗುತ್ತದೆ: ಟಿಕೆಟ್ಟು ಅನ್ನುತ್ತೇವೆ, ಸ್ಕೂಟರು ಅನ್ನುತ್ತೇವೆ, ಹೋಟೆಲನ್ನಂತೂ ಹೋಟ್ಲು ಮಾಡಿಬಿಟ್ಟಿದ್ದೇವೆ.

ಇಂಗ್ಲಿಷಿಗೆ ಮಾತ್ರ ಹೀಗೆ ಮಾಡಿದ್ದೇವೆ ಅಂದುಕೊಳ್ಳಬೇಡಿ. ಸಂಸ್ಕೃತದ ಮನಸ್ ನಮ್ಮಲ್ಲಿ ಮನಸ್ಸು. ಜಗತ್ ಜಗತ್ತು, ವಯಸ್ ವಯಸ್ಸು, ದಿಕ್ ದಿಕ್ಕು. ಪಾರಸಿಯಿಂದ ಬಂದ ಖರ್ಚು, ಜೋರು, ಬಜಾರು ಕೂಡ ಹಾಗೇ. ‘ಮನಸ್ಸು’ ಅಂದಾಗ ಯಾರೂ ನಗುವುದಿಲ್ಲ, ‘ಬಸ್ಸು’ ಅಂದರೆ ನಗು. ಇದ್ಯಾವ ನ್ಯಾಯ ಸ್ವಾಮಿ? ತೆಲುಗಿನವರೂ ಬಸ್ಸು, ಕಾರು ಅಂತಲೇ ಅನ್ನುತ್ತಾರೆ. ಅಷ್ಟು ದೂರದ ಜಪಾನಿನವರು ಬಸ್ಸಿಗೆ ‘ಬಸು’, ಹೋಟೆಲಿಗೆ ‘ಹೊತೆರು’ ಅನ್ನುತ್ತಾರೆ.

ಈ ‘ಉ’ ಸುಮ್ನೆ ಒಂದು ಊರುಗೋಲು. ಬೇರೆ ಸ್ವರ ಬಂದರೆ ಜಾಗ ಬಿಟ್ಟು ಹೋಗುತ್ತದೆ: ಊರು, ಊರಿಗೆ. ಪದದ್ದೇ ಆದ ‘ಉ’ ಹಾಗೆ ಹೋಗುವುದಿಲ್ಲ, ನಡುವೆ ‘ವ’ ತರಿಸಿಕೊಳ್ಳುತ್ತದೆ: ಗುರು, ಗುರುವಿಗೆ. ಶಾಲೆಯಲ್ಲಿ ಲೋಪಸಂಧಿ, ಆಗಮಸಂಧಿ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಕನ್ನಡ ಕಲಿಯುವ ಸಹೋದ್ಯೋಗಿಗಳಿಗೆ ನಾನು ಒಂದೇ ಸಾಲು ಹೇಳಿಕೊಡುತ್ತೇನೆ: ‘ಕರುವಿಗೆ ಹುಲ್ಲು, ಕಾರಿಗೆ ಪೆಟ್ರೋಲು.’ ‘ಕಾರುವಿಗೆ’ ಅಂದವರು ಇನ್ನೂ ಒಂದು ತಿಂಗಳು ಕಲಿಯಬೇಕು.

ಹಾಗಾಗಿ ಕನ್ನಡ ಮಾತಾಡುವಾಗ ‘ಬಸ್ಸು’ ತಪ್ಪಲ್ಲ, ಅದು ಕನ್ನಡದ ಪದ. ಇಂಗ್ಲಿಷಿನಲ್ಲೇ ಮಾತಾಡುವಾಗ ಮಾತ್ರ ‘ಉ’ ಬಿಡುವುದು ಒಳ್ಳೆಯದು. ಅಲ್ಲಿ ಅವರ ಲೆಕ್ಕ.

ಬರೆಯುವಾಗಲೂ ನನಗೆ ‘ಬಸ್ಸಲ್ಲಿ’, ‘ಬಸ್ಸಿನಲ್ಲಿ’ ಅನ್ನುವುದೇ ಇಷ್ಟ. ಪತ್ರಿಕೆಗಳಲ್ಲಿ ‘ಬಸ್‌ನಲ್ಲಿ’ ಅಂತ ಇರುತ್ತದೆ. ಮೊಬೈಲಿನಲ್ಲಿ ಅದನ್ನು ಬರೆಯಲು ಹೋಗಿ ‘ಬಸ್ನಲ್ಲಿ’ ಆಗಿ, ‘ನ’ ಒತ್ತಕ್ಷರವಾಗಿ ಕೆಳಗೆ ಇಳಿದು ಕೂತಿದ್ದನ್ನು ನೀವೂ ನೋಡಿರುತ್ತೀರಿ. ಇನ್ನೊಂದು ‘ಸ’ ಹಾಕಿಬಿಟ್ಟರೆ ಆ ತಲೆನೋವೇ ಇಲ್ಲ.