ಓದುಗರ ಪ್ರಶ್ನೆ: ಕೆಳಗೆ ಕಾಡು ಉರಿದರೆ ಮೇಲಿನ ಹಿಮಕ್ಕೇನು?

ಪ್ರಶ್ನೆ: ಮೇ ತಿಂಗಳಲ್ಲಿ ಗಂಗೋತ್ರಿ ಯಾತ್ರೆಗೆ ಹೋಗಿದ್ದೆವು. ಉತ್ತರಕಾಶಿಯ ಸುತ್ತ ಕಾಡ್ಗಿಚ್ಚಿನ ಹೊಗೆ ಕವಿದು ಶಿಖರಗಳೇ ಕಾಣಲಿಲ್ಲ. ಮರಗಳೇ ಇಲ್ಲದ ಅಷ್ಟು ಎತ್ತರದ ಜಾಗಕ್ಕೆ ಕೆಳಗಿನ ಬೆಂಕಿಯಿಂದ ಏನು ತೊಂದರೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬಹಳ ತೊಂದರೆ ಇದೆ. ಬಿಸಿಲೇರಿದಂತೆ ಕಣಿವೆಯ ಗಾಳಿ ಕಾದು, ನದಿಯ ಜಾಡು ಹಿಡಿದು ಮೇಲಕ್ಕೆ ಬೀಸುತ್ತದೆ. ಗಂಗೋತ್ರಿ ಹಿಮನದಿಯ ಬಾಯಾದ ಗೋಮುಖದ ದಾರಿಯಲ್ಲಿ ಮಧ್ಯಾಹ್ನದ ಹೊತ್ತು ಆ ಗಾಳಿ ಬೆನ್ನಿಗೆ ಬಡಿಯುವುದನ್ನು ನಾನೂ ಅನುಭವಿಸಿದ್ದೇನೆ. ಕೆಳಗಿನ ಚೀರ್ ಪೈನ್ ಕಾಡುಗಳು ಉರಿದಾಗ ಮಸಿಯನ್ನು ಹಿಮನದಿಯ ತನಕ ಹೊತ್ತೊಯ್ಯುವುದೂ ಅದೇ ಗಾಳಿ.

ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆಯವರು 2016ರಲ್ಲಿ ಆ ದಾರಿಯಲ್ಲೇ, ಸುಮಾರು 3,600 ಮೀಟರ್ ಎತ್ತರದ ಚೀರ್‌ಬಾಸಾದಲ್ಲಿ, ಗಾಳಿಯಲ್ಲಿರುವ ಕಪ್ಪು ಇಂಗಾಲವನ್ನು, ಅಂದರೆ ಮಸಿಯ ಸೂಕ್ಷ್ಮ ಕಣಗಳನ್ನು, ಅಳೆದರು. ಮಳೆಗಾಲದ ಆಗಸ್ಟ್‌ನಲ್ಲಿ ಘನಮೀಟರಿಗೆ ಸರಾಸರಿ 0.1 ಮೈಕ್ರೋಗ್ರಾಂ ಕೂಡ ಇರಲಿಲ್ಲ. ಮೇ ತಿಂಗಳಲ್ಲಿ 0.8 ದಾಟಿತ್ತು. ಕಾಡ್ಗಿಚ್ಚು ಮತ್ತು ಹೊಲಗಳಲ್ಲಿ ಸುಡುವ ಕೂಳೆ, ಎರಡೂ ಇದಕ್ಕೆ ಕಾರಣ ಎಂದರು. ಅದೇ ವರ್ಷ ಏಪ್ರಿಲ್, ಮೇನಲ್ಲಿ ಉತ್ತರಾಖಂಡದ ಕಾಡುಗಳು ಎಷ್ಟು ಉರಿದವೆಂದರೆ, ವಾಯುಪಡೆಯ ಹೆಲಿಕಾಪ್ಟರುಗಳು ಭೀಮತಾಲ್ ಸರೋವರದಿಂದ ನೀರು ಮೊಗೆದು ಸುರಿಯಬೇಕಾಯಿತು.

ನನ್ನನ್ನು ಕಾಡುವುದು ಆ ಮೇ ತಿಂಗಳು. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚನ್ನು ವಾಪಸ್ ಕಳಿಸುತ್ತದೆ. ಮಸಿ ಕೂತರೆ, ಬಿಸಿಲಲ್ಲಿ ಕಪ್ಪು ಅಂಗಿ ತೊಟ್ಟ ಹಾಗೆ, ಶಾಖವನ್ನು ಹೀರಿಕೊಳ್ಳುತ್ತದೆ. ಮೇ ಎಂದರೆ ಸೂರ್ಯ ನೆತ್ತಿಯ ಹತ್ತಿರ, ಹಿಮ ಕರಗಲು ತೊಡಗುವ ಕಾಲ. ಡಿಸೆಂಬರಿನಲ್ಲಿ ಇದೇ ಮಸಿ ಬಿದ್ದರೆ ಮೇಲೆ ಮತ್ತೆ ಹಿಮ ಸುರಿದು ಮುಚ್ಚಬಹುದು; ಮೇನಲ್ಲಿ ಆ ಭರವಸೆ ಕಡಿಮೆ.

ಮರಗಳಿಲ್ಲ ಎಂದಿರಿ. ಆದರೆ ಮರದ ಗಡಿ ದಾಟಿದ ಮೇಲೆ ಬುಗ್ಯಾಲ್‌ಗಳಿವೆ, ಎತ್ತರದ ಹುಲ್ಲುಗಾವಲುಗಳು. ಅಲ್ಲಿನ ಗಿಡಗಳಿಗೆ ಬೆಳೆದು, ಹೂಬಿಟ್ಟು, ಬೀಜ ಕಟ್ಟಲು ಸಿಗುವುದು ಕೆಲವೇ ತಿಂಗಳು, ಹಿಮ ಕರಗಿದ ದಿನವೇ ಅವುಗಳ ಯುಗಾದಿ. ಹಿಮ ಬೇಗ ಕರಗಿದರೆ ಮೊಗ್ಗು ಬೇಗ ಒಡೆಯುತ್ತದೆ. ಆಮೇಲೆ ಒಂದು ರಾತ್ರಿ ಕಟುವಾದ ಚಳಿ ಬಿದ್ದರೆ ಆ ವರ್ಷದ ಹೂವೇ ಹೋಯಿತು, ಅದನ್ನು ನಂಬಿದ ದುಂಬಿಗಳ ಊಟವೂ ಹೋಯಿತು. ಹೊಗೆಯ ಅನಿಲಗಳು ಬಿಸಿಲಿಗೆ ಓಜೋನ್ ಆಗಿ ಎಲೆಗಳನ್ನು ಸುಡುವುದು ಬೇರೆ.

ಪ್ರಶ್ನೆ: ಒಂದು ಮಳೆ ಬಂದರೆ ಮಸಿಯೆಲ್ಲ ತೊಳೆದುಹೋಗುವುದಿಲ್ಲವೇ?
– ಅದೇ ಓದುಗರು

ಉತ್ತರ: ಗಾಳಿ ಶುಭ್ರವಾಗುತ್ತದೆ, ಹಿಮ ಆಗುವುದಿಲ್ಲ. ಕರಗಿದ ನೀರು ಇಳಿದು ಹೋಗುತ್ತದೆ, ಮಸಿಯ ಹೆಚ್ಚಿನ ಪಾಲು ಮೇಲ್ಮೈಯಲ್ಲೇ ಉಳಿದು ದಟ್ಟವಾಗುತ್ತದೆ. ಹೀಗಾಗಿ ಕರಗಿದಷ್ಟೂ ಹಿಮ ಇನ್ನೂ ಕಪ್ಪಾಗುತ್ತದೆ.

ಪ್ರಶ್ನೆ: ಪರಿಹಾರ ಏನಾದರೂ ಇದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಇದೆ, ಆದರೆ ಹಿಮನದಿಯ ಬಳಿ ಅಲ್ಲ, ಕೆಳಗಿನ ಊರುಗಳಲ್ಲಿ. ಉದುರಿ ಒಣಗಿದ ಚೀರ್ ಎಲೆಗೆ ಅಲ್ಲಿ ಪಿರೂಲ್ ಎನ್ನುತ್ತಾರೆ. ರಾಳ ತುಂಬಿದ ಅದಕ್ಕೆ ಒಂದು ಬೀಡಿಯ ಕಿಡಿ ಸಾಕು. 2024ರಲ್ಲಿ ಉತ್ತರಾಖಂಡ ಸರ್ಕಾರ ಅದನ್ನು ಕಿಲೋಗೆ 50 ರೂಪಾಯಿಗೆ ಕೊಳ್ಳುವುದಾಗಿ ಹೇಳಿದ್ದು ಒಳ್ಳೆಯ ಹೆಜ್ಜೆ. ಆದರೆ ಅದನ್ನು ಹೇಳಿದ್ದು ಮೇ ತಿಂಗಳಲ್ಲಿ, ಕಾಡು ಆಗಲೇ ಹೊತ್ತಿಕೊಂಡಾಗ. ಬೆಂಕಿಯ ಕಾಲ ಫೆಬ್ರವರಿ ನಡುವಿಗೇ ಶುರುವಾಗುತ್ತದೆ. ಪಿರೂಲ್ ಆಯುವ ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಆ ಹಣ ಮಾರ್ಚಿನೊಳಗೆ ಸೇರಬೇಕು.