ಸರ್ಕಾರಿ ವಕೀಲರು ಯಾರ ಕಡೆಯವರು?

ಹಾವೇರಿ ಜಿಲ್ಲೆಯ ಓದುಗರೊಬ್ಬರು ಉದ್ದನೆಯ ಕಾಗದ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಸಾರಾಂಶ ಇಷ್ಟು: ಹೊಲದ ಬದುವಿನ ಜಗಳದಲ್ಲಿ ಅವರ ತಮ್ಮನಿಗೆ ಹೊಡೆದು ಕೈ ಮುರಿದರು. ಪೊಲೀಸರು ಕೇಸು ಮಾಡಿದರು, ಚಾರ್ಜ್‌ಶೀಟೂ ಆಯಿತು. ತಾಲ್ಲೂಕಿನ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆದ ಮೇಲೆ ಹೋದ ತಿಂಗಳು ಆರೋಪಿಗಳೆಲ್ಲ ಖುಲಾಸೆಯಾದರು. ‘ಅವರ ಕಡೆ ಜಿಲ್ಲೆಯಿಂದ ಬಂದ ದೊಡ್ಡ ವಕೀಲರು. ನಮ್ಮ ಕಡೆ ಸರ್ಕಾರಿ ವಕೀಲರು. ಅವರು ನನ್ನ ತಮ್ಮನ ಹೆಸರು ಕೇಳಿದ್ದೇ ಸಾಕ್ಷಿ ಹೇಳುವ ದಿನ ಬೆಳಿಗ್ಗೆ. ನಮ್ಮ ಪರ ವಾದ ಮಾಡೋದು ಅವರ ಕೆಲಸ ಅಲ್ವಾ? ಅವರು ಯಾರ ಕಡೆಯವರು? ನಾವೇ ಒಬ್ಬ ವಕೀಲರನ್ನು ಇಟ್ಟುಕೊಳ್ಳಬಹುದಿತ್ತಾ? ಈಗ ಮುಂದೇನು?’ ಎಂದು ಕೇಳಿದ್ದಾರೆ.

ಮಾನ್ಯರೇ,

ಬೇಜಾರಾಗುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪಿಪಿ (ಪಬ್ಲಿಕ್ ಪ್ರಾಸಿಕ್ಯೂಟರ್), ಎಪಿಪಿ (ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರ್) ಎಂದು ಕೋರ್ಟಿನಲ್ಲಿ ಕರೆಯುವ ಆ ಸರ್ಕಾರಿ ಅಭಿಯೋಜಕರು ನಿಮ್ಮ ತಮ್ಮನ ವಕೀಲರಲ್ಲ. ಪೊಲೀಸರ ವಕೀಲರೂ ಅಲ್ಲ. ಕೈ ಮುರಿದದ್ದು ನಿಮ್ಮ ತಮ್ಮನದು, ನಿಜ. ಆದರೆ ಕೇಸಿನ ಕಟ್ಟಿನ ಮೇಲೆ ದೂರುದಾರರ ಜಾಗದಲ್ಲಿ ಇರುವುದು ಸರ್ಕಾರ. ನಿಮ್ಮ ತಮ್ಮ ಅಲ್ಲಿ ಒಬ್ಬ ಸಾಕ್ಷಿ, ಅಷ್ಟೆ.

ಸರ್ಕಾರದ ಪರ ನಿಂತವರು ಹೇಗಾದರೂ ಮಾಡಿ ಶಿಕ್ಷೆ ಕೊಡಿಸಲೇಬೇಕು ಎಂದೇನೂ ಇಲ್ಲ. ಅಂಥ ಹಟ ಅವರಿಗೆ ಇರಬಾರದು ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಆರೋಪಿಗೆ ನ್ಯಾಯವಾಗಿ ಸಿಗಬೇಕಾದ ಅನುಕೂಲವೊಂದು ಕಾಗದಪತ್ರದಲ್ಲಿ ಕಂಡರೆ ಅದನ್ನು ಮುಚ್ಚಿಡದೆ ಕೋರ್ಟಿನ ಗಮನಕ್ಕೆ ತರಬೇಕು. ಇದನ್ನು ಓದಿ ನಿಮಗೆ ಕೋಪ ಬರಬಹುದು. ಆದರೆ ಬದುವಿನ ಜಗಳಗಳಲ್ಲಿ ಕೌಂಟರ್ ಕೇಸ್ ಎಷ್ಟು ಮಾಮೂಲು ಎಂಬುದು ನಿಮಗೇ ಗೊತ್ತು. ನಾಳೆ ನಿಮ್ಮ ತಮ್ಮನೇ ಕಟಕಟೆಯಲ್ಲಿ ನಿಂತರೆ ಎದುರಿಗಿರುವ ಸರ್ಕಾರಿ ವಕೀಲರು ಇದೇ ನಿಯಮಕ್ಕೆ ಕಟ್ಟುಬಿದ್ದಿರಲಿ ಎಂದು ನೀವೇ ಬಯಸುತ್ತೀರಿ.

ಹಾಗಿದ್ದರೆ ಅವರ ಅಧಿಕಾರ ಏನು? ಸಿನಿಮಾ ನೋಡಿದವರಿಗೆ ಸರ್ಕಾರಿ ವಕೀಲ ಎಂದರೆ ‘ಅಬ್ಜೆಕ್ಷನ್’ ಎಂದು ಕೂಗಿ ಕೊನೆಗೆ ಹೀರೋ ಮುಂದೆ ಸೋಲುವವನು. ನಿಜವಾದ ಕೋರ್ಟಿನಲ್ಲಿ ಅವರ ದೊಡ್ಡ ಅಧಿಕಾರ ಸುಮ್ಮನಿರುವುದರಲ್ಲಿದೆ. ಯಾವ ಸಾಕ್ಷಿಯನ್ನು ಕರೆಸಲಿಲ್ಲ, ಯಾವ ಪ್ರಶ್ನೆ ಕೇಳಲಿಲ್ಲ, ಯಾವ ಜಾಮೀನು ಅರ್ಜಿಗೆ ಗಟ್ಟಿಯಾಗಿ ತಕರಾರು ಹಾಕಲಿಲ್ಲ, ಯಾವ ಖುಲಾಸೆಯ ಮೇಲೆ ಅಪೀಲು ಬೇಡ ಎಂದು ಬರೆದರು, ಇವೇ ಅವರ ಕೈಯಲ್ಲಿರುವ ಆಯುಧಗಳು. ಇವು ಮರುದಿನದ ಪೇಪರಿನಲ್ಲಿ ಬರುವುದಿಲ್ಲ. ಹೆಚ್ಚಿನ ಸಲ ತೀರ್ಪಿನಲ್ಲೂ ಇರುವುದಿಲ್ಲ.

ನಿಮ್ಮ ಕೇಸಿನಲ್ಲಿ ಮಹಜರಿಗೆ ಸಹಿ ಹಾಕಿದ ಪಂಚರು ಉಲ್ಟಾ ಹೊಡೆದರು ಎಂದು ಬರೆದಿದ್ದೀರಿ. ತಾಲ್ಲೂಕು ಕೋರ್ಟಿನಲ್ಲಿ ಒಂದು ಬೆಳಿಗ್ಗೆ ಕೂತರೆ ಇದನ್ನು ಕಣ್ಣಾರೆ ನೋಡಬಹುದು. ಸಾಕ್ಷಿ ಕಟಕಟೆ ಹತ್ತುತ್ತಾನೆ. ‘ಸಹಿ ನನ್ನದೇ ಸ್ವಾಮಿ. ಠಾಣೆಗೆ ಕರೆಸಿ ಹಾಕಿಸಿಕೊಂಡರು. ಏನು ಬರೆದಿದ್ದರೋ ಗೊತ್ತಿಲ್ಲ. ಆ ಜಾಗಕ್ಕೆ ನಾನು ಹೋಗಿಲ್ಲ.’ ಎಪಿಪಿ ಎದ್ದು, ಸಾಕ್ಷಿಯನ್ನು ಪ್ರತಿಕೂಲ ಎಂದು ಪರಿಗಣಿಸಿ ಪಾಟೀಸವಾಲಿಗೆ ಅನುಮತಿ ಕೊಡಿ ಎನ್ನುತ್ತಾರೆ. ಆಮೇಲೆ ಒಂದೋ ಎರಡೋ ಪ್ರಶ್ನೆ: ‘ಆರೋಪಿಗಳ ಜೊತೆ ರಾಜಿಯಾಗಿ ಸುಳ್ಳು ಹೇಳುತ್ತಿದ್ದೀರಿ ಎಂದರೆ ಸರಿಯೇ?’ ‘ಸರಿಯಲ್ಲ.’ ಬೆರಳಚ್ಚುಗಾರರು ಅದನ್ನು ಟೈಪ್ ಮಾಡುತ್ತಾರೆ. ಮುಂದಿನ ಸಾಕ್ಷಿ.

ಇದೇ ಪ್ರಶ್ನೆಗಳು ಎಷ್ಟೋ ಕೇಸುಗಳಲ್ಲಿ ಅಕ್ಷರ ಬದಲಾಗದೆ ಬರುತ್ತವೆ. ಫೈಲು ಮೊದಲೇ ಓದಿದವರು ಬೇರೆ ಥರ ಕೇಳುತ್ತಾರೆ. ಸಹಿ ಹಾಕಿದ ದಿನ ನೀನು ಎಲ್ಲಿದ್ದೆ? ಠಾಣೆಗೆ ಯಾರ ಗಾಡಿಯಲ್ಲಿ ಹೋದೆ? ಸುಳ್ಳು ಬರೆಸಿಕೊಂಡರು ಎಂದು ಮೇಲಧಿಕಾರಿಗೆ ಇಷ್ಟು ವರ್ಷ ಯಾಕೆ ದೂರು ಕೊಡಲಿಲ್ಲ? ಹೀಗೆ ಹಿಡಿದರೆ ಉಲ್ಟಾ ಹೊಡೆದ ಸಾಕ್ಷಿಯಿಂದಲೂ ಕೆಲಸಕ್ಕೆ ಬರುವ ಮಾತು ಹೊರಡುತ್ತದೆ. ಪ್ರತಿಕೂಲ ಸಾಕ್ಷಿಯ ಮಾತನ್ನು ಪೂರ್ತಿ ಎಸೆಯಬೇಕಿಲ್ಲ, ನಂಬಬಹುದಾದಷ್ಟನ್ನು ತೆಗೆದುಕೊಳ್ಳಬಹುದು ಎನ್ನುವುದು ಕಾನೂನಿನಲ್ಲಿ ಇತ್ಯರ್ಥವಾಗಿರುವ ವಿಷಯ. ಆದರೆ ಒಂದೇ ದಿನದ ಪಟ್ಟಿಯಲ್ಲಿ ರಾಶಿ ಕೇಸು ಇಟ್ಟುಕೊಂಡ ಒಬ್ಬ ಎಪಿಪಿ ಅಷ್ಟು ಓದಿಕೊಂಡು ಬರುವುದು ಕಷ್ಟ. ಇದು ಸಮರ್ಥನೆ ಅಲ್ಲ, ಇರುವ ಸ್ಥಿತಿ.

ಸುಮ್ಮನಿರುವುದು ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ನಮ್ಮ ಬೆಂಗಳೂರಿಗೇ ಬಂದ ಒಂದು ಕೇಸು ಇದೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ. ಚೆನ್ನೈನಲ್ಲಿ ವಿಚಾರಣೆ ನಡೆಯುತ್ತಿದ್ದಾಗಲೇ ಅವರು ಮತ್ತೆ ಮುಖ್ಯಮಂತ್ರಿಯಾದರು. ಅಂದರೆ ಆರೋಪಿಯೇ ಸರ್ಕಾರದ ತಲೆಯಾಳು, ಅಭಿಯೋಜಕರು ಅದೇ ಸರ್ಕಾರದವರು. ಆಗಲೇ ಸಾಕ್ಷಿ ಹೇಳಿ ಹೋಗಿದ್ದ 76 ಮಂದಿಯನ್ನು ಮತ್ತೆ ಕರೆಸಲಾಯಿತು. ಹೆಚ್ಚಿನವರು ಹಿಂದೆ ಹೇಳಿದ್ದನ್ನು ಬದಲಿಸಿದರು. ಅಭಿಯೋಜಕರು ಅವರನ್ನು ಪ್ರತಿಕೂಲ ಎಂದು ಘೋಷಿಸಿ ಎಂದು ಕೇಳಲೇ ಇಲ್ಲ. ಆರೋಪಿಯೇ ಕೋರ್ಟಿಗೆ ಬಂದು ಉತ್ತರಿಸಬೇಕಾದ ಹಂತದಲ್ಲಿ ಅವರಿಗೆ ವಿನಾಯಿತಿ ಸಿಕ್ಕಿತು. ಅದಕ್ಕೂ ಇವರ ತಕರಾರು ಇರಲಿಲ್ಲ. ಎದುರು ಪಕ್ಷವಾದ ಡಿಎಂಕೆಯ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿಗೆ ಹೋದರು. 2003ರ ನವೆಂಬರ್ 18ರಂದು ಕೋರ್ಟ್ ಇಡೀ ಕೇಸನ್ನು ಬೆಂಗಳೂರಿಗೆ ವರ್ಗಾಯಿಸಿತು. ಅಭಿಯೋಜಕರನ್ನು ನೇಮಿಸುವ ಹೊಣೆ ಕರ್ನಾಟಕ ಸರ್ಕಾರಕ್ಕೆ ಬಂತು.

ಆಮೇಲಿನ ಹನ್ನೊಂದು ವರ್ಷಗಳಲ್ಲಿ ಆ ಹುದ್ದೆಗೇ ಎಷ್ಟು ಗುದ್ದಾಟ ನಡೆಯಿತು ನೋಡಿ. ಮೊದಲು ಬಿ.ವಿ. ಆಚಾರ್ಯ ಬಂದರು. ಅವರು 2012ರಲ್ಲಿ ಬಿಟ್ಟರು. ಬದಲಿಗೆ ಜಿ. ಭವಾನಿ ಸಿಂಗ್ ಬಂದರು. ಅವರ ನೇಮಕವನ್ನು ಕರ್ನಾಟಕ 2013ರಲ್ಲಿ ಹಿಂದಕ್ಕೆ ಪಡೆಯಿತು. ಹಾಗೆ ಪಡೆದದ್ದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ನ್ಯಾಯಾಧೀಶ ಜಾನ್ ಮೈಕೆಲ್ ಕುನ್ಹಾ ನಾಲ್ಕು ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದರು. ಹೈಕೋರ್ಟಿಗೆ ಅಪೀಲು ಹೋದಾಗ ಮತ್ತೆ ಅದೇ ಕಥೆ. ಈ ಸಲ ಭವಾನಿ ಸಿಂಗ್ ಅವರನ್ನು ನೇಮಿಸಿದ್ದು ತಮಿಳುನಾಡು. ಆ ಅಧಿಕಾರ ಅವರಿಗಿಲ್ಲ, ಅದು ಕರ್ನಾಟಕದ್ದು ಎಂದು 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಹೇಳಿತು. ಅಷ್ಟರಲ್ಲಿ ಹೈಕೋರ್ಟಿನಲ್ಲಿ ವಾದ ಮುಗಿದೇ ಹೋಗಿತ್ತು! ಕರ್ನಾಟಕಕ್ಕೆ ಸಿಕ್ಕಿದ್ದು ಲಿಖಿತ ವಾದ ಸಲ್ಲಿಸುವ ಅವಕಾಶ ಮಾತ್ರ. ಮೇ 11ರಂದು ಖುಲಾಸೆ. ತೀರ್ಪಿನಲ್ಲಿ ಸಾಲಗಳ ಮೊತ್ತ ಕೂಡಿದ್ದರಲ್ಲೇ ತಪ್ಪಿದೆ ಎಂದು, ಕರ್ನಾಟಕದ ಪರ ಮತ್ತೆ ಬಂದಿದ್ದ ಆಚಾರ್ಯ ತೋರಿಸಿದರು. ಕೂಡಿದರೆ ಸುಮಾರು 10.67 ಕೋಟಿ ಆಗಬೇಕಾದ್ದು ಅಲ್ಲಿ 24.17 ಕೋಟಿ ಎಂದಿತ್ತು. ಕರ್ನಾಟಕ ಅಪೀಲು ಹೋಯಿತು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟ್ ಕುನ್ಹಾ ಅವರ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟು ಹೊತ್ತಿಗೆ ಜಯಲಲಿತಾ ತೀರಿಕೊಂಡಿದ್ದರು.

ಅದೇ ಕೇಸು, ಅದೇ ಕಾಗದಗಳು. ಅಭಿಯೋಜಕರ ಕುರ್ಚಿಯಲ್ಲಿ ಯಾರು ಕೂರಬೇಕು ಎನ್ನುವುದಕ್ಕೇ ಮತ್ತೆ ಮತ್ತೆ ದೆಹಲಿಗೆ ಓಡಿದರು. ಆ ಕುರ್ಚಿಗೆ ಬೆಲೆ ಇಲ್ಲದಿದ್ದರೆ ಯಾರು ಇಷ್ಟು ಕಷ್ಟಪಡುತ್ತಿದ್ದರು?

ಇನ್ನೊಂದು ಅಧಿಕಾರ ಇದೆ. ಕೇಸನ್ನೇ ವಾಪಸ್ ಪಡೆಯುವುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 321ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 360. ಸಂಪುಟ ಸಭೆಯಲ್ಲಿ ಕೇಸು ವಾಪಸ್ ಎಂದು ತೀರ್ಮಾನವಾದರೆ ಕೇಸು ಮುಗಿಯಿತು ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ಹಾಗೇನಿಲ್ಲ. ಅರ್ಜಿ ಹಾಕಬೇಕಾದವರು ಅಭಿಯೋಜಕರು. ಅವರು ಸ್ವಂತ ಬುದ್ಧಿಯಿಂದ ಫೈಲು ನೋಡಿ ತೀರ್ಮಾನಿಸಬೇಕು. ಮೇಲೆ ಕೋರ್ಟು ಒಪ್ಪಬೇಕು.

2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತೊಯ್ದ. ಬೇಡಿಕೆಗಳಲ್ಲಿ ಒಂದು, ಮೈಸೂರು ಜೈಲಿನಲ್ಲಿದ್ದ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೈದಿಗಳ ಬಿಡುಗಡೆ. ಇಡೀ ರಾಜ್ಯ ಉಸಿರು ಬಿಗಿಹಿಡಿದಿತ್ತು. ವಿಶೇಷ ಅಭಿಯೋಜಕರು ಟಾಡಾ ಆರೋಪ ಕೈಬಿಡಲು ಅರ್ಜಿ ಹಾಕಿದರು. ಗಡಿಭಾಗದಲ್ಲಿ ಶಾಂತಿ ನೆಲೆಸಲಿ ಎಂದು ಕಾರಣ ಕೊಟ್ಟರು. ಮೈಸೂರಿನ ವಿಶೇಷ ಕೋರ್ಟ್ ಒಪ್ಪಿತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಒಬ್ಬ ತಂದೆ. 1992ರಲ್ಲಿ ವೀರಪ್ಪನ್ ತಂಡ ಕೊಂದಿದ್ದ ಎಸ್‌ಐ ಶಕೀಲ್ ಅಹ್ಮದ್ ಈ ತಂದೆಯ ಮಗ. ಅಭಿಯೋಜಕರು ತಾವಾಗಿ ಯೋಚಿಸಿಲ್ಲ, ಕೋರ್ಟೂ ಸರಿಯಾಗಿ ಪರಿಶೀಲಿಸಿಲ್ಲ ಎಂದು 2000ದ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ನಾಡಿಗೆ ನಾಡೇ ರಾಜ್‌ಕುಮಾರ್‌ಗಾಗಿ ಪ್ರಾರ್ಥಿಸುತ್ತಿದ್ದಾಗ ಎದುರು ಈಜುವುದಕ್ಕೆ ಎಂಥ ಧೈರ್ಯ ಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ತೀರ್ಪು ಬಂದ ಎಂಟು ದಿನಕ್ಕೆ ಅಣ್ಣಾವ್ರು ಕಾಡಿನಿಂದ ಹೊರಬಂದರು.

ಪಾಠ ಕಲಿತೆವಾ? 2020ರ ಆಗಸ್ಟ್‌ನಲ್ಲಿ ಬಿಜೆಪಿ ಸರ್ಕಾರ 61 ಕೇಸು ವಾಪಸ್ ಪಡೆಯಲು ಆದೇಶ ಮಾಡಿತು. ಅದೇ ಡಿಸೆಂಬರಿನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. 2024ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಸರ್ಕಾರ 43 ಕೇಸು ಎಂದಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನೂ ರದ್ದು ಮಾಡಿತು. ಪಕ್ಷ ಯಾವುದಾದರೂ ಆಸೆ ಒಂದೇ.

ಅಭಿಯೋಜಕರು ಬೇಡ ಎನ್ನಬಹುದಲ್ಲ ಎಂದು ನೀವು ಕೇಳಬಹುದು. ಕಾನೂನಿನ ಪ್ರಕಾರ ಖಂಡಿತ ಅನ್ನಬಹುದು. ಆದರೆ 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಈ ಕೆಲಸ ಮಾಡುತ್ತಿದ್ದವರು ಬಹುಮಟ್ಟಿಗೆ ಪೊಲೀಸ್ ಅಧಿಕಾರಿಗಳೇ. ತನಿಖೆ ಮಾಡಿದ ಇಲಾಖೆಯೇ ಕೇಸೂ ನಡೆಸುತ್ತಿತ್ತು. ಅದನ್ನು ಬೇರೆ ಮಾಡಿದರು, ಸರಿ. ಆದರೆ ಈಗಲೂ ಪ್ರಾಸಿಕ್ಯೂಷನ್ ನಿರ್ದೇಶಕರು ಕಾನೂನಿನ ಪ್ರಕಾರ ಗೃಹ ಇಲಾಖೆಯ ಆಡಳಿತದ ಕೆಳಗೇ ಬರುತ್ತಾರೆ. ಪೊಲೀಸರೂ ಅಲ್ಲೇ. ವಿಶೇಷ ಅಭಿಯೋಜಕರ ನೇಮಕವಂತೂ ಸರ್ಕಾರದ ಮರ್ಜಿ. ನನ್ನನ್ನು ಕೇಳಿದರೆ, ನ್ಯಾಯಾಧೀಶರ ನೇಮಕದ ಬಗ್ಗೆ ನಾವು ಮಾಡುವ ಚರ್ಚೆಯ ಕಾಲುಭಾಗ ಈ ನೇಮಕಗಳ ಬಗ್ಗೆ ಮಾಡಿದರೂ ಸಾಕಿತ್ತು.

ಒಂದು ವಿಷಯದಲ್ಲಿ ಮಾತ್ರ ಅವರನ್ನು ಬೈಯುವುದು ಅನ್ಯಾಯ. ನಮ್ಮಲ್ಲಿ ತನಿಖೆ ಪೊಲೀಸರದು. ಚಾರ್ಜ್‌ಶೀಟ್ ಹಾಕಬೇಕೋ ಬೇಡವೋ ಎನ್ನುವುದೂ ಅವರದೇ ತೀರ್ಮಾನ. ಅಮೆರಿಕದ ಡಿಸ್ಟ್ರಿಕ್ಟ್ ಅಟಾರ್ನಿಯ ಹಾಗೆ ಯಾವ ಆರೋಪ ಹೊರಿಸಬೇಕು ಎಂದು ಮೊದಲಿಂದ ಹಿಡಿತ ಇಟ್ಟುಕೊಳ್ಳುವ ಅಧಿಕಾರ ಇಲ್ಲಿಯ ಎಪಿಪಿಗೆ ಇಲ್ಲ. ನಿಮ್ಮ ತಮ್ಮನ ಎಕ್ಸ್-ರೇ ತೆಗೆದ ವೈದ್ಯರನ್ನು ಸಾಕ್ಷಿ ಪಟ್ಟಿಯಲ್ಲೇ ಹಾಕಿರಲಿಲ್ಲ ಎಂದು ಬರೆದಿದ್ದೀರಿ. ಅದು ಮೊದಲು ತನಿಖಾಧಿಕಾರಿಯ ತಪ್ಪು. ಆದರೆ ಹೆಚ್ಚುವರಿ ಸಾಕ್ಷಿಯಾಗಿ ಕರೆಸಿ ಎಂದು ಅರ್ಜಿ ಹಾಕಲು ಎಪಿಪಿಗೆ ದಾರಿ ಇತ್ತು. ಹಾಕಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಬಹುದಿತ್ತು. ಸೆಷನ್ಸ್ ಕೋರ್ಟಿನಲ್ಲಾದರೆ ಅವರು ಪಿಪಿಗೆ ನೆರವಾಗಬಹುದು, ಸಾಕ್ಷ್ಯ ಮುಗಿದ ಮೇಲೆ ಕೋರ್ಟಿನ ಅನುಮತಿ ಪಡೆದು ಲಿಖಿತ ವಾದ ಕೊಡಬಹುದು. ಸಾಕ್ಷಿಗಳನ್ನು ತಾವೇ ಪ್ರಶ್ನಿಸುವಂತಿಲ್ಲ. ಸಂತ್ರಸ್ತರ ವಕೀಲರ ಮಿತಿ ಇಷ್ಟು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಆದರೆ ನಿಮ್ಮ ಕೇಸು ಇದ್ದದ್ದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. ಅಲ್ಲಿ ನ್ಯಾಯಾಧೀಶರು ಅನುಮತಿ ಕೊಟ್ಟರೆ ನಿಮ್ಮ ವಕೀಲರೇ ಅಭಿಯೋಜನೆ ನಡೆಸಬಹುದಿತ್ತು. ಹಳೆಯ ಕಾನೂನಿನ 302, ಈಗಿನ 339. ಇದನ್ನು ನಿಮಗೆ ಯಾರೂ ಹೇಳಿಲ್ಲ ಎಂದು ಕಾಣುತ್ತದೆ.

ಮುಂದೇನು ಎಂದರೆ, ಅಪೀಲು. ಖುಲಾಸೆಯ ವಿರುದ್ಧ ಸರ್ಕಾರ ಹೋಗದಿದ್ದರೂ ಸಂತ್ರಸ್ತರು ತಾವಾಗಿ ಹೋಗಬಹುದು. 2009ರ ಕೊನೆಯಲ್ಲಿ ಜಾರಿಗೆ ಬಂದ ಹಕ್ಕು ಇದು. ಹಳೆಯದರಲ್ಲಿ 372ನೇ ಕಲಂ, ಈಗ 413. ಇದಕ್ಕೆ ಕೋರ್ಟಿನ ವಿಶೇಷ ಅನುಮತಿ ಬೇಕಿಲ್ಲ ಎಂದು 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆ ಕೇಸು ನಮ್ಮ ರಾಜ್ಯದ್ದೇ. ನಿಮ್ಮ ಅಪೀಲು ಹೋಗಬೇಕಾದ್ದು ಜಿಲ್ಲೆಯ ಸೆಷನ್ಸ್ ಕೋರ್ಟಿಗೆ. ತೀರ್ಪಿನ ಸರ್ಟಿಫೈಡ್ ಕಾಪಿಗೆ ನಾಳೆಯೇ ಅರ್ಜಿ ಹಾಕಿ. ಜೊತೆಗೆ ಎಲ್ಲ ಸಾಕ್ಷಿಗಳ ಹೇಳಿಕೆಯ ಪ್ರತಿ ತೆಗೆಸಿ. ಖರ್ಚಿಗೆ ತೊಂದರೆ ಇದ್ದರೆ ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ವೈದ್ಯರನ್ನು ಕರೆಸಲಿಲ್ಲ ಎಂಬ ಅಂಶವನ್ನು ನಿಮ್ಮ ವಕೀಲರಿಗೆ ಮೊದಲೇ ತೋರಿಸಿ. ಅಪೀಲಿನ ಹಂತದಲ್ಲೂ ಹೆಚ್ಚುವರಿ ಸಾಕ್ಷ್ಯಕ್ಕೆ ಅವಕಾಶ ಕೇಳಬಹುದು, ಕೊಡುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು.

ಕಾಗದದ ಕೊನೆಯಲ್ಲಿ ಆ ಎಪಿಪಿಯ ಹೆಸರು ಬರೆದು ‘ಇದನ್ನು ಮಾತ್ರ ತಪ್ಪದೆ ಹಾಕಿ’ ಎಂದು ಗೆರೆ ಎಳೆದಿದ್ದೀರಿ. ಹಾಕುತ್ತಿಲ್ಲ. ಅವರ ಮಾತನ್ನು ನಾವು ಕೇಳಿಲ್ಲ. ಇದನ್ನು ಓದಿದ ಎಪಿಪಿಗಳು ಯಾರಾದರೂ ತಮ್ಮ ಕಡೆಯ ಕಷ್ಟ ಬರೆದು ಕಳಿಸಿದರೆ ಅದನ್ನೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ